ಕಂಟೇನರಿನ ಒಳಗೇನಿದೆ? ಕೇಳಿ ತಿಳಿಯಿರಿ, ಆಮೇಲೆ ನಂಬಿರಿ

(ವಿದ್ಯಾರ್ಥಿಗಳ ಮಾರ್ಗದರ್ಶನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)





ಇಂದು ನಾನು ಆರಿಸಿಕೊಂಡಿರುವ ವಿಷಯ ಚಿಕ್ಕದು. ಸಾಫ್ಟ್‌ವೇರ್ ಕಂಟೇನರ್ ಒಂದು ನಿಜವಾಗಿ ಯಾವ ಸ್ಥಿತಿಯಲ್ಲಿದೆ, ಯಾವ ಸೆಟ್ಟಿಂಗ್‌ಗಳೊಂದಿಗೆ ನಡೆಯುತ್ತಿದೆ ಎಂಬುದನ್ನು ಕೆಲವೇ ಆದೇಶಗಳಿಂದ ತಿಳಿಯುವುದು ಹೇಗೆ ಎಂಬುದಷ್ಟೇ. ಬಿ.ಸಿ.ಎ., ಇಂಜಿನಿಯರಿಂಗ್ ಓದುತ್ತಿರುವ ನಿಮ್ಮಲ್ಲಿ ಹಲವರಿಗೆ ನಾಳೆ ಬೆಂಗಳೂರಿನಲ್ಲೋ ದುಬೈಯಲ್ಲೋ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಇದು ಬೇಕಾಗಬಹುದು. ಕಂಪ್ಯೂಟರ್ ಓದದ ಹಿರಿಯರೂ ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ವಿನಂತಿ. ಕೊನೆಗೆ ಇದು ಪ್ರಾಮಾಣಿಕತೆಯ ಮಾತೇ ಆಗಿದೆ.

ಕಂಟೇನರ್ ಎಂಬ ಹೆಸರು ಬಂದದ್ದು ಹಡಗಿನಿಂದ. ಹಿಂದೆ ಗೋಣಿ, ಪೆಟ್ಟಿಗೆ, ಪೀಪಾಯಿಗಳನ್ನು ಒಂದೊಂದಾಗಿ ಹಡಗಿಗೆ ಏರಿಸಬೇಕಾಗಿತ್ತು. 1956ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಮಾಲ್ಕಂ ಮೆಕ್ಲೀನ್ ಎಂಬವರು 'ಐಡಿಯಲ್ ಎಕ್ಸ್' ಎಂಬ ಹಡಗಿನಲ್ಲಿ 58 ಕಂಟೇನರುಗಳನ್ನು ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಸಾಗಿಸಿದರು. ಒಳಗೆ ಏನೇ ಇರಲಿ, ಹೊರಗಿನ ಪೆಟ್ಟಿಗೆಯ ಅಳತೆ ಒಂದೇ ಆದಾಗ ಸಾಗಾಟ ಸುಲಭವಾಯಿತು. ಸಾಫ್ಟ್‌ವೇರ್ ಲೋಕದಲ್ಲೂ ನಡೆದದ್ದು ಇದೇ. 2013ರ ಮಾರ್ಚ್‌ನಲ್ಲಿ ಸಾಲೊಮನ್ ಹೈಕ್ಸ್ ಅವರು ಪೈಕಾನ್ ಸಮ್ಮೇಳನದಲ್ಲಿ 'ಡಾಕರ್' ಎಂಬ ಸಾಧನವನ್ನು ಪರಿಚಯಿಸಿದರು. ಒಂದು ಪ್ರೋಗ್ರಾಮನ್ನೂ ಅದಕ್ಕೆ ಬೇಕಾದ ಎಲ್ಲ ಫೈಲುಗಳನ್ನೂ ಒಟ್ಟಿಗೆ ಕಟ್ಟಿಟ್ಟರೆ ಅದು 'ಇಮೇಜ್'. ಆ ಇಮೇಜ್‌ನಿಂದ ಸೃಷ್ಟಿಸಿ ನಡೆಸುವುದು 'ಕಂಟೇನರ್'. ಒಂದೇ ಕಂಪ್ಯೂಟರಿನಲ್ಲಿ ಹತ್ತಾರು ಕಂಟೇನರುಗಳು, ಒಂದೇ ಮನೆಯ ಬೇರೆ ಬೇರೆ ಕೋಣೆಗಳಂತೆ, ಪರಸ್ಪರ ಪ್ರತ್ಯೇಕವಾಗಿ ನಡೆಯುತ್ತವೆ.

ಆದರೆ ಮುಚ್ಚಿದ ಪೆಟ್ಟಿಗೆಗೆ ಒಂದು ತೊಂದರೆಯಿದೆ. ಹೊರಗಿನ ಚೀಟಿ ಒಂದನ್ನು ಹೇಳುತ್ತದೆ, ಒಳಗೆ ಇನ್ನೊಂದು ಇರಬಹುದು. ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ತೂರಿಸಿ ನೋಡಿದ ಘಟನೆ ನಿಮಗೆ ಗೊತ್ತಿದೆ. ಮೇಲೆ ಒಣಗಿದ್ದ ಧಾನ್ಯ ಒಳಗೆ ಒದ್ದೆಯಾಗಿತ್ತು. ಮಳೆಗೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆಯೇ ಏಕೆ ಇಡಲಿಲ್ಲವೆಂದು ಅವರು ಮಾರಾಟಗಾರನನ್ನು ಪ್ರಶ್ನಿಸಿದರು. ಸಹೀಹ್ ಮುಸ್ಲಿಮ್ ಗ್ರಂಥದಲ್ಲಿ ಈ ವರದಿಯಿದೆ. ರಾಶಿಯ ಮೇಲ್ಭಾಗವನ್ನಷ್ಟೇ ನೋಡಿ ತೀರ್ಪು ಕೊಡಬಾರದು ಎಂಬ ಪಾಠ ನಮ್ಮ ಈ ವಿಷಯಕ್ಕೂ ಅನ್ವಯಿಸುತ್ತದೆ.

ಹಾಗಾದರೆ ಕೈ ಹಾಕಿ ನೋಡುವುದು ಹೇಗೆ? ಟರ್ಮಿನಲ್ ತೆರೆದು 'ಡಾಕರ್ ಪಿಎಸ್' ಎಂದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ. ಈಗ ನಡೆಯುತ್ತಿರುವ ಕಂಟೇನರುಗಳ ಪಟ್ಟಿ ಬರುತ್ತದೆ. ಮುಂದೆ 'ಮೈನಸ್ ಎ' ಸೇರಿಸಿದರೆ ನಿಂತುಹೋದವುಗಳೂ ಕಾಣುತ್ತವೆ. ನಂತರ 'ಡಾಕರ್ ಇನ್‌ಸ್ಪೆಕ್ಟ್' ಎಂದು ಬರೆದು ಕಂಟೇನರಿನ ಹೆಸರು ಕೊಡಿ. ಜೆಸಾನ್ ಎಂಬ ರೂಪದಲ್ಲಿ ಉದ್ದನೆಯ ಉತ್ತರ ಬರುತ್ತದೆ. ಅದನ್ನು ಕಂಡು ಗಾಬರಿಯಾಗಬೇಡಿ. ಈ ಆದೇಶ ಏನನ್ನೂ ಬದಲಾಯಿಸುವುದಿಲ್ಲ, ಕೇವಲ ಓದಿ ಹೇಳುತ್ತದೆ. ಆದ್ದರಿಂದ ಕಲಿಯುವವರು ಧೈರ್ಯವಾಗಿ ಬಳಸಬಹುದು. ಆ ಉತ್ತರಕ್ಕೆ ನೀವು ನಾಲ್ಕು ಪ್ರಶ್ನೆ ಹಾಕಿದರೆ ಸಾಕು.

ಒಂದು, ಇದರ ಆರೋಗ್ಯ ಹೇಗಿದೆ? 'ಸ್ಟೇಟ್' ಎಂಬ ಭಾಗ ನೋಡಿ. ನಿಂತುಹೋದ ಕಂಟೇನರಿನ ಎಕ್ಸಿಟ್ ಕೋಡ್ 0 ಎಂದಿದ್ದರೆ ಅದು ಕೆಲಸ ಮುಗಿಸಿ ನಿಂತಿದೆ. 137 ಎಂದಿದ್ದರೆ ಬಲವಂತವಾಗಿ ನಿಲ್ಲಿಸಲಾಗಿದೆ. ಜೊತೆಗೆ 'ಓಓಎಂ ಕಿಲ್ಡ್' ಎಂಬಲ್ಲಿ ಟ್ರೂ ಎಂದಿದ್ದರೆ ಮೆಮೊರಿ ಸಾಲದೆ ಹೀಗಾಗಿದೆ ಎಂದರ್ಥ. ಆಗ 'ಹೋಸ್ಟ್ ಕಾನ್ಫಿಗ್' ಭಾಗದಲ್ಲಿ ಮೆಮೊರಿಯ ಮಿತಿ ನೋಡಿ. ಅದು ಬೈಟ್‌ಗಳಲ್ಲಿರುತ್ತದೆ. 536870912 ಎಂದರೆ 512 ಎಂಬಿ. 0 ಎಂದರೆ ಸೊನ್ನೆ ಮೆಮೊರಿಯಲ್ಲ, ಮಿತಿಯೇ ಇಲ್ಲ.

ಎರಡು, ಇದರ ಬಾಗಿಲುಗಳು ಯಾರಿಗೆ ತೆರೆದಿವೆ? 'ನೆಟ್‌ವರ್ಕ್ ಸೆಟ್ಟಿಂಗ್ಸ್'ನ 'ಪೋರ್ಟ್ಸ್' ನೋಡಿ. 127.0.0.1 ಎಂದಿದ್ದರೆ ಆ ಕಂಪ್ಯೂಟರಿಗೆ ಮಾತ್ರ. 0.0.0.0 ಎಂದಿದ್ದರೆ ಆ ಕಂಪ್ಯೂಟರಿನ ಎಲ್ಲ ವಿಳಾಸಗಳಲ್ಲೂ ಬಾಗಿಲು ತೆರೆದಿದೆ. ಲಿನಕ್ಸ್‌ನ 'ಯುಎಫ್‌ಡಬ್ಲ್ಯು' ಫೈರ್‌ವಾಲ್ ಹಾಕಿದ್ದೇವೆಂದು ನಿಶ್ಚಿಂತರಾಗಬೇಡಿ. ಡಾಕರ್ ತಾನೇ ಬರೆಯುವ ನಿಯಮಗಳು ಅದನ್ನು ದಾಟಿಹೋಗಬಲ್ಲವು.

ಮೂರು, ದತ್ತಾಂಶ ಎಲ್ಲಿ ಉಳಿಯುತ್ತದೆ? 'ಮೌಂಟ್ಸ್' ಭಾಗ ಖಾಲಿಯಿದ್ದರೆ, ಪ್ರೋಗ್ರಾಂ ಡಿಸ್ಕಿಗೆ ಬರೆದದ್ದೆಲ್ಲ ಕಂಟೇನರಿನೊಳಗೇ ಇದೆ. ಕಂಟೇನರನ್ನು ಅಳಿಸಿದ ದಿನ ಅದೂ ಹೋಗುತ್ತದೆ.

ನಾಲ್ಕು, ಇದಕ್ಕೆ ಕೊಟ್ಟ ಸೂಚನೆಗಳೇನು? 'ಕಾನ್ಫಿಗ್' ಒಳಗಿನ 'ಎನ್ವ್' ಪಟ್ಟಿ ನೋಡಿ. ಇಲ್ಲಿ ವಿಶೇಷ ಎಚ್ಚರ ಬೇಕು. ಡೇಟಾಬೇಸಿನ ಪಾಸ್‌ವರ್ಡ್ ಸೋರಿಕೆಯಾಗಿದೆ ಎಂದುಕೊಳ್ಳಿ. ಸೆಟ್ಟಿಂಗ್ ಫೈಲಿನಲ್ಲಿ ಹೊಸ ಪಾಸ್‌ವರ್ಡ್ ಬರೆದು, ಕಂಟೇನರನ್ನು ರೀಸ್ಟಾರ್ಟ್ ಮಾಡಿ, ಕೆಲಸ ಮುಗಿಯಿತೆಂದು ಮನೆಗೆ ಹೋಗುವವರಿದ್ದಾರೆ. ಆದರೆ ಈ ಪಟ್ಟಿಯ ಸೂಚನೆಗಳು ಕಂಟೇನರ್ ಸೃಷ್ಟಿಯಾಗುವ ಗಳಿಗೆಯಲ್ಲೇ ಸ್ಥಿರವಾಗುತ್ತವೆ. ರೀಸ್ಟಾರ್ಟ್ ಮಾಡಿದರೆ ಬದಲಾಗುವುದಿಲ್ಲ, ಹಳೆಯದನ್ನು ತೆಗೆದು ಹೊಸದಾಗಿ ಸೃಷ್ಟಿಸಬೇಕು. ಫೈಲಿನಲ್ಲಿ ಹೊಸದು, ನಡೆಯುತ್ತಿರುವುದು ಹಳೆಯದು! ಬರೆದಿಟ್ಟದ್ದನ್ನು ಓದುವವನಿಗೆ ಇದು ತಿಳಿಯುವುದೇ ಇಲ್ಲ, ಇನ್‌ಸ್ಪೆಕ್ಟ್ ಮಾಡಿದವನಿಗೆ ಮಾತ್ರ ತಿಳಿಯುತ್ತದೆ. ಇಷ್ಟಾದ ಮೇಲೂ ಡೇಟಾಬೇಸಿನಲ್ಲಿ ಪಾಸ್‌ವರ್ಡ್ ನಿಜವಾಗಿ ಬದಲಾಗಿದೆಯೇ ಎಂದು ಅಲ್ಲಿಯೇ ಹೋಗಿ ನೋಡಬೇಕು.

ಇಡೀ ಉತ್ತರ ಬೇಡ, ಒಂದೇ ಸಂಗತಿ ಸಾಕೆಂದರೆ 'ಮೈನಸ್ ಮೈನಸ್ ಫಾರ್ಮ್ಯಾಟ್' ಬಳಸಿ. ಗಣಿತದಲ್ಲಿ ಗಣಗಳನ್ನು ಬರೆಯುವಾಗ ಹಾಕುವ ಪುಷ್ಪಾವರಣವನ್ನು ಇಲ್ಲಿ ಜೋಡಿಯಾಗಿ ಹಾಕಿ, ಒಳಗೆ ಚುಕ್ಕೆ ಇಟ್ಟು ಭಾಗದ ಹೆಸರು ಬರೆದರಾಯಿತು. ಕಂಟೇನರ್ ಏನು ಹೇಳಿಕೊಂಡಿದೆ ಎಂದು ಓದಲು 'ಡಾಕರ್ ಲಾಗ್ಸ್' ಇದೆ. ಸೃಷ್ಟಿಯಾದ ಮೇಲೆ ಒಳಗಿನ ಯಾವ ಫೈಲುಗಳು ಸೇರಿವೆ, ಬದಲಾಗಿವೆ, ಅಳಿದಿವೆ ಎಂದು ತಿಳಿಯಲು 'ಡಾಕರ್ ಡಿಫ್' ಇದೆ. ಪಾಡ್‌ಮನ್ ಎಂಬ ಇನ್ನೊಂದು ಸಾಧನದಲ್ಲೂ ಈ ಆದೇಶಗಳು ಹೆಚ್ಚುಕಡಿಮೆ ಇದೇ ಹೆಸರಿನಲ್ಲಿವೆ.

ಮಿತ್ರರೇ, ಇನ್ನೊಂದು ಮುಖ್ಯ ಮಾತು. ಆ 'ಎನ್ವ್' ಪಟ್ಟಿಯಲ್ಲಿ ಪಾಸ್‌ವರ್ಡ್ ಇಟ್ಟಿದ್ದರೆ ಅದು ಯಾವ ಮುಸುಕೂ ಇಲ್ಲದೆ ಪರದೆಯ ಮೇಲೆ ಕಾಣುತ್ತದೆ. ಸಹಾಯ ಕೇಳಲೆಂದು ಇಡೀ ಉತ್ತರವನ್ನು ನಕಲು ಮಾಡಿ ಗೆಳೆಯರ ವಾಟ್ಸ್‌ಆಪ್ ಗುಂಪಿಗೆ ಕಳುಹಿಸಬೇಡಿ. ಆ ಕಂಟೇನರಿನಲ್ಲಿ ಆಸ್ಪತ್ರೆಯ ರೋಗಿಗಳ ವಿವರವಿರಬಹುದು, ಬಡ ಕುಟುಂಬಗಳ ವಿದ್ಯಾರ್ಥಿವೇತನದ ಅರ್ಜಿಗಳಿರಬಹುದು. ಅವರು ನಿಮ್ಮನ್ನು ಎಂದೂ ಕಂಡವರಲ್ಲ, ಆದರೂ ಅವರ ಗುಟ್ಟು ನಿಮ್ಮ ಕೈಯಲ್ಲಿದೆ. ಇದನ್ನೇ ನಾವು ಅಮಾನತ್ ಎನ್ನುವುದು. ಡಾಕರ್ ಆದೇಶ ನೀಡುವ ಹಕ್ಕು ಸಿಕ್ಕಿತೆಂದರೆ ಆ ಕಂಪ್ಯೂಟರಿನ ಒಡೆತನವೇ ಸಿಕ್ಕಿದಂತೆ. ಆ ಹಕ್ಕನ್ನು ಕೊಡುವವರೂ ಪಡೆಯುವವರೂ ಇದನ್ನು ಅರಿತಿರಬೇಕು.

ಬಂದ ಸುದ್ದಿಯನ್ನು ಪರಿಶೀಲಿಸದೆ ನಂಬಿ ಯಾರಿಗೂ ಹಾನಿ ಮಾಡಬಾರದೆಂದು ಸೂರಃ ಅಲ್ ಹುಜುರಾತ್ ನಮಗೆ ಕಲಿಸುತ್ತದೆ. ಮದ್ರಸದಲ್ಲಿ ಕಲಿತ ಆ ಪಾಠವನ್ನು ಕಂಪ್ಯೂಟರ್ ಲ್ಯಾಬಿನ ಹೊರಗೆ ಬಿಟ್ಟುಬರಬೇಕಾಗಿಲ್ಲ. "ಸರಿಯಾಗಿದೆ ಸರ್" ಎಂದು ಮೇಲಧಿಕಾರಿಗೆ ಹೇಳುವ ಮೊದಲು ಒಂದು ನಿಮಿಷ ನಿಂತು, ನಡೆಯುತ್ತಿರುವ ಕಂಟೇನರನ್ನೇ ಕೇಳಿ. ಹಾಗೆ ಕೇಳಿ ತಿಳಿದು ಆಡಿದ ಮಾತಿಗೆ ಬೆಲೆಯಿರುತ್ತದೆ. ನಮ್ಮ ಮಕ್ಕಳು ಕೆಲಸ ಬಲ್ಲವರು ಮಾತ್ರವಲ್ಲ, ನಂಬಿಕೆಗೆ ಅರ್ಹರು ಎಂಬ ಹೆಸರು ಬರುವುದೂ ಇಂಥ ಸಣ್ಣ ಅಭ್ಯಾಸಗಳಿಂದಲೇ.

ಅಲ್ಲಾಹನು ನಮಗೆಲ್ಲರಿಗೂ ಪ್ರಯೋಜನಕಾರಿಯಾದ ಜ್ಞಾನವನ್ನು ಕರುಣಿಸಲಿ, ಆಮೀನ್.