ಕರೆಂಟ್ ತಂತಿಯಲ್ಲೇ ಮೀಟರ್ ಲೆಕ್ಕ

(ಸಂಘದ ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಹಾಲಿನ ಸಂಘಕ್ಕೆ 25 ವರ್ಷ ತುಂಬಿದೆ. ಹಾಲಿನ ವಿಚಾರವನ್ನು ಹಿರಿಯರು ಚೆನ್ನಾಗಿ ಹೇಳಿದ್ದಾರೆ. ಕರೆಂಟಿನ ವಿಚಾರ ಎರಡು ಮಾತು ಆಡಿ ಅಂತ ನನಗೆ ಅಪ್ಪಣೆಯಾಗಿದೆ. ನಾನು ಓದಿದ್ದು ಎಸ್‌ಎಸ್‌ಎಲ್‌ಸಿ. ಆದರೂ ಸ್ಮಾರ್ಟ್ ಮೀಟರ್ ಬಂತು, ಬಂತು ಅಂತ ಎಲ್ಲ ಕಡೆ ಮಾತು ನಡೆದಿರುವಾಗ, ಮೀಟರಿನ ಅಂಕಿ ಆಫೀಸಿಗೆ ತಾನಾಗಿ ಹೇಗೆ ಹೋಗ್ತದೆ, ಅದರಿಂದ ರೈತನಿಗೆ ಏನು ಲಾಭ, ಎಲ್ಲಿ ಎಚ್ಚರ ಬೇಕು ಅನ್ನೋದನ್ನು ನನಗೆ ತಿಳಿದಷ್ಟು ಹೇಳುತ್ತೇನೆ.

ಮೀಟರ್ ರೀಡರ್ ತಿಂಗಳಿಗೊಮ್ಮೆ ಬರ್ತಾರೆ, ಮನೆ ಮನೆ ತಿರುಗಿ ಅಂಕಿ ನೋಡಿ ಅಲ್ಲೇ ಬಿಲ್ಲು ಹರಿದು ಕೊಡ್ತಾರೆ. ಮನೆಗೆ ಬೀಗ ಹಾಕಿದ್ದರೆ ಸರಾಸರಿ ಬಿಲ್ಲು. ಈ ಕೇರಿಗೆ ಒಂದು ದಿನ, ಆ ಕೇರಿಗೆ ಇನ್ನೊಂದು ದಿನ. ರೀಡರ್ ಬಾರದೆ ಅಂಕಿ ತಾನೇ ಹೋಗಬೇಕಾದರೆ ಅದಕ್ಕೊಂದು ದಾರಿ ಬೇಕು. ಮೊಬೈಲ್ ಸಿಗ್ನಲ್ ಒಂದು ದಾರಿ. ರೇಡಿಯೋ ಅಲೆ ಇನ್ನೊಂದು. ಮೂರನೆಯದು ಮೀಟರಿಗೆ ಆಗಲೇ ಬಂದಿರುವ ಕರೆಂಟಿನ ತಂತಿ.

ಒಂದೇ ತಂತಿಯಲ್ಲಿ ಕರೆಂಟೂ ಸುದ್ದಿಯೂ ಹೇಗೆ ಹೋಗ್ತದೆ ಅಂತ ಕೇಳಬಹುದು. ನಮ್ಮ ಕರೆಂಟಿನ ಅಲೆ ಸೆಕೆಂಡಿಗೆ 50 ಸಲ ಏಳುತ್ತದೆ, ಬೀಳುತ್ತದೆ. ಮೀಟರು ಅದೇ ತಂತಿಗೆ ಸೆಕೆಂಡಿಗೆ ಹತ್ತಾರು ಸಾವಿರ ಸಲ ಆಡುವ ಸಣ್ಣದೊಂದು ಅಲೆಯನ್ನು ಬಿಡುತ್ತದೆ. ಮದುವೆ ಮನೆಯ ಓಲಗದಲ್ಲಿ ಡೋಲಿನ ದಪ್ಪ ಸದ್ದು, ನಾಗಸ್ವರದ ಸಣ್ಣ ದನಿ ಎರಡೂ ಒಂದೇ ಗಾಳಿಯಲ್ಲಿ ಬಂದರೂ ನಮ್ಮ ಕಿವಿ ಬೇರೆ ಮಾಡಿ ಕೇಳುತ್ತದಲ್ಲವೇ? ಹಾಗೆಯೇ ಆ ಕಡೆಯ ಯಂತ್ರ ಸಣ್ಣ ಅಲೆಯನ್ನು ಬೇರ್ಪಡಿಸಿ ಅಂಕಿ ಓದಿಕೊಳ್ಳುತ್ತದೆ. ಇದು ನಮ್ಮ ದೇಶಕ್ಕೂ ಹೊಸದಲ್ಲ. ದೊಡ್ಡ ಸಬ್‌ಸ್ಟೇಷನ್‌ಗಳಲ್ಲಿ ಹೈಟೆನ್ಷನ್ ತಂತಿಗೆ ಡ್ರಮ್ಮಿನ ಹಾಗಿರುವ ಸುರುಳಿ ತೂಗುಹಾಕಿರುವುದನ್ನು ನೀವು ನೋಡಿರಬಹುದು. ಒಂದು ಸ್ಟೇಷನ್ನಿನವರು ಇನ್ನೊಂದು ಸ್ಟೇಷನ್ನಿನವರ ಜೊತೆ ಅದೇ ತಂತಿಯಲ್ಲಿ ಮಾತಾಡುವುದಕ್ಕೆ ಮಾಡಿದ ಏರ್ಪಾಡು ಅದು.

ಮನೆ ಮೀಟರಿಗೆ ಇದನ್ನು ದೊಡ್ಡ ಪ್ರಮಾಣದಲ್ಲಿ ತಂದವರು ಇಟಲಿಯವರು. ಅಲ್ಲಿಯ ಎನೆಲ್ ಕಂಪನಿ, ಹೆಚ್ಚುಕಡಿಮೆ ನಮ್ಮ ಸಂಘ ಶುರುವಾದ ಕಾಲದಲ್ಲೇ, 2001ರಲ್ಲಿ ಕೆಲಸ ಹಿಡಿದು ಕೆಲವೇ ವರ್ಷಗಳಲ್ಲಿ ಸುಮಾರು 3 ಕೋಟಿ ಮೀಟರ್ ಹಾಕಿತು. ಮನೆಯಿಂದ ಟಿಸಿವರೆಗೆ ಅಂಕಿ ತಂತಿಯಲ್ಲೇ ಹೋಗುತ್ತದೆ. ಆ ಸಣ್ಣ ಅಲೆ ಟಿಸಿಯನ್ನು ದಾಟಿ ಮುಂದೆ ಹೋಗುವುದು ಕಷ್ಟ. ಅದಕ್ಕೇ ಟಿಸಿ ಹತ್ತಿರ ಒಂದು ಪೆಟ್ಟಿಗೆ ಇಟ್ಟು, ಎಲ್ಲ ಮನೆ ಲೆಕ್ಕ ಅಲ್ಲಿ ಕೂಡಿಸಿ, ಅಲ್ಲಿಂದ ಮೊಬೈಲ್ ಜಾಲದಲ್ಲಿ ಆಫೀಸಿಗೆ ಕಳಿಸುತ್ತಾರೆ. ಫ್ರಾನ್ಸಿನವರು 2015ರ ಕೊನೆಯಿಂದ 2021ರವರೆಗೆ ಇದೇ ದಾರಿಯಲ್ಲಿ ಸುಮಾರು ಮೂರೂವರೆ ಕೋಟಿ ಮೀಟರ್ ಹಾಕಿದರು.

ಹಾಗಾದರೆ ನಮ್ಮಲ್ಲೂ ಹಾಕಿಬಿಡಬಹುದೇ? ಅಲ್ಲೇ ಇರೋದು ವಿಚಾರ. ಅಲ್ಲಿ ಒಂದು ಟಿಸಿಗೆ ಹತ್ತಾರು ಮನೆ, ಕೆಲವು ಕಡೆ ನೂರು ಮೀರಿ. ಪೆಟ್ಟಿಗೆಯ ಖರ್ಚು ಅಷ್ಟೂ ಮನೆಗೆ ಹಂಚಿಹೋಗುತ್ತದೆ. ನಮ್ಮ ಹೊಲದ ಕಡೆ ಒಂದು ಟಿಸಿಗೆ ನಾಲ್ಕೈದು ಮೋಟಾರು ಇರುವ ಕಡೆ ಆ ಖರ್ಚು ಮೈಮೇಲೆ ಬೀಳುತ್ತದೆ. ಸಡಿಲ ಜಾಯಿಂಟು, ಉದ್ದದ ಲೈನು, ಮೋಟಾರಿನ ಗಲಾಟೆ ಇವೆಲ್ಲ ಸಣ್ಣ ಅಲೆಯನ್ನು ಕೆಡಿಸುತ್ತವೆ. ಕರೆಂಟ್ ಹೋದಾಗ ಅಂಕಿ ಮೀಟರಿನ ನೆನಪಲ್ಲೇ ಕೂತು ಆಮೇಲೆ ಹೋಗಬೇಕು. ಆದ್ದರಿಂದ ಊರೊಳಗೆ ಒತ್ತಾಗಿರುವ ಮನೆಗಳಿಗೆ ತಂತಿ, ಚದುರಿದ ತೋಟಗಳಿಗೆ ಮೊಬೈಲು ಅಥವಾ ರೇಡಿಯೋ, ಹೀಗೆ ಜಾಗ ನೋಡಿ ಮಾಡಬೇಕಾಗುತ್ತದೆ. ಕೇಂದ್ರ ಸರ್ಕಾರ 2021ರಲ್ಲಿ 25 ಕೋಟಿ ಪ್ರೀಪೇಡ್ ಸ್ಮಾರ್ಟ್ ಮೀಟರಿನ ಗುರಿ ಇಟ್ಟ ಯೋಜನೆ ತಂದಿತು. ನಮ್ಮ ದೇಶದ ಮಾನಕದಲ್ಲೂ ತಂತಿ, ರೇಡಿಯೋ, ಮೊಬೈಲ್ ಮೂರಕ್ಕೂ ಅವಕಾಶವಿದೆ.

ಈಗ ಲಾಭದ ಮಾತು. ನಮ್ಮ ಸಂಘದಲ್ಲಿ ಬೆಳಿಗ್ಗೆ ಸದಸ್ಯರು ಹಾಕಿದ ಹಾಲಿಗೂ ಡೇರಿಗೆ ಹೋದ ಹಾಲಿಗೂ ಲೆಕ್ಕ ತಾಳೆ ನೋಡುತ್ತೇವೆ. ತಾಳೆಯಾಗದಿದ್ದರೆ ಅವತ್ತೇ ಕೇಳುತ್ತೇವೆ. ಕರೆಂಟಿನಲ್ಲಿ ಅದು ಆಗುತ್ತಿಲ್ಲ, ಯಾಕೆಂದರೆ ಒಂದೊಂದು ಮನೆಯ ಅಂಕಿ ಒಂದೊಂದು ದಿನದ್ದು. ಎಲ್ಲ ಮೀಟರೂ ಒಂದೇ ರಾತ್ರಿ ಹನ್ನೆರಡು ಗಂಟೆಯ ಅಂಕಿ ಕಳಿಸಿದರೆ, ಟಿಸಿಯಲ್ಲಿರುವ ಮೀಟರಿನ ಜೊತೆ ತಾಳೆ ನೋಡಬಹುದು. ಟಿಸಿಯಿಂದ 5000 ಯೂನಿಟ್ ಹೊರಟು ಮನೆಗಳ ಲೆಕ್ಕ 4200 ಬಂತು ಅಂತಿಟ್ಟುಕೊಳ್ಳಿ, 800 ಎಲ್ಲಿ ಹೋಯಿತು ಅಂತ ಹುಡುಕಲು ಒಂದು ಜಾಗ ಸಿಕ್ಕಿತು. ಯಾವ ಟಿಸಿಗೆ ಹೊರೆ ಮೀರಿದೆ ಅನ್ನುವುದೂ ಅದು ಸುಡುವ ಮೊದಲೇ ತಿಳಿಯುತ್ತದೆ.

ಇದು ರೈತನಿಗೆ ಬಹಳ ಮುಖ್ಯ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ನಮ್ಮ ರಾಜ್ಯದಲ್ಲಿ ಕರೆಂಟು ಉಚಿತ. ಬಹುಪಾಲಿಗೆ ಮೀಟರ್ ಇಲ್ಲ, ಬಳಕೆ ಅಂದಾಜಿನದು. ಅಂದಾಜು ಇರುವ ಕಡೆ ಬೇರೆ ನಷ್ಟವೂ ರೈತನ ಹೆಸರಿಗೆ ಸೇರುವ ಸಾಧ್ಯತೆ ಇರುತ್ತದೆ. ರೈತರೇ ಎಲ್ಲ ಕರೆಂಟು ತಿಂದರು ಅನ್ನುವ ಮಾತಿಗೆ ಉತ್ತರ ಕೊಡಬೇಕಾದರೆ ನಮ್ಮ ಕೈಯಲ್ಲಿ ಅಂಕಿ ಬೇಕು. ಇವತ್ತು ಮೀಟರ್, ನಾಳೆ ಬಿಲ್ಲು ಅನ್ನುವ ಭಯ ಎಲ್ಲರಿಗೂ ಇದೆ, ಅದು ಸುಳ್ಳು ಭಯ ಅಂತ ನಾನು ಹೇಳಲಾರೆ. ಆದರೆ ಪಂಪ್‌ಸೆಟ್ಟಿನ ಟಿಸಿಗೇ ಒಂದು ಮೀಟರ್ ಇಟ್ಟರೂ ಆ ಟಿಸಿಯ ಒಟ್ಟು ಲೆಕ್ಕ ಸಿಗುತ್ತದೆ, ಒಬ್ಬೊಬ್ಬರ ಮೋಟಾರಿಗೆ ಮೀಟರ್ ಬೇಕಾಗುವುದಿಲ್ಲ. ನಾವು ಕೇಳಬೇಕಾದ್ದು ಮೊದಲು ಅದನ್ನೇ.

ಎಚ್ಚರದ ಮಾತೂ ಇದೆ. ಈ ದಾರಿಯಲ್ಲಿ ಅಂಕಿ ಹೋಗುವುದಷ್ಟೇ ಅಲ್ಲ, ಆಜ್ಞೆಯೂ ಬರುತ್ತದೆ. ಆಫೀಸಿನಲ್ಲಿ ಕೂತೇ ಮನೆ ಕರೆಂಟು ತೆಗೆಯಬಹುದು. ಇನ್ನು ಅರ್ಧ ಗಂಟೆಗೊಂದು ಲೆಕ್ಕ ನೋಡಿದರೆ ಮನೆಯವರು ಯಾವಾಗ ಎದ್ದರು, ಯಾವಾಗ ಊರಿಗೆ ಹೋದರು ಅಂತಲೂ ಊಹಿಸಬಹುದು. ಫ್ರಾನ್ಸಿನಲ್ಲಿ ಅಷ್ಟು ಸೂಕ್ಷ್ಮ ಲೆಕ್ಕ ತೆಗೆದುಕೊಳ್ಳಲು ಮನೆಯವರ ಒಪ್ಪಿಗೆ ಬೇಕು ಅಂತ ಕಟ್ಟು ಮಾಡಿದ್ದಾರೆ. ಬಿಸಿಲು ಮಳೆಯಲ್ಲಿ ಊರೂರು ತಿರುಗುವ ಮೀಟರ್ ರೀಡರುಗಳಿಗೆ ಬೇರೆ ಕೆಲಸ ಏನು ಅನ್ನುವುದನ್ನೂ ಯೋಚಿಸಬೇಕು.

ಹಾಲು ಹಾಕಿದವರ ಕೈಗೆ ಅಳತೆ, ಫ್ಯಾಟು ಬರೆದ ಚೀಟಿ ಕೊಟ್ಟೇ ನಮ್ಮ ಸಂಘ 25 ವರ್ಷ ನಂಬಿಕೆ ಉಳಿಸಿಕೊಂಡಿದೆ. ಕರೆಂಟಿಗೂ ಅದೇ ನ್ಯಾಯ ಆಗಲಿ. ಆಫೀಸಿಗೆ ಹೋದ ಅಂಕಿ ಮನೆಯವರಿಗೂ ಕಾಣಲಿ, ನಮ್ಮೂರ ಟಿಸಿಗಳ ತಿಂಗಳ ಲೆಕ್ಕ ನಮ್ಮ ಸಂಘದ ಬೋರ್ಡಿನ ಮೇಲೆ ಬರಲಿ. ಮೀಟರ್ ಹಾಕಲು ಬಂದವರನ್ನು ಜಗಳವಾಡಿ ಕಳಿಸುವ ಮೊದಲು, ಸುಮ್ಮನೆ ಸಹಿ ಹಾಕುವ ಮೊದಲು, ಈ ಎರಡನ್ನು ಕೇಳಿ ಅಂತ ವಿನಂತಿ ಮಾಡಿಕೊಳ್ಳುತ್ತಾ ನನ್ನ ಮಾತು ಮುಗಿಸುತ್ತೇನೆ.