ಆಶುವಿನ ಬಿಡುಗಡೆ ಪತ್ರ
(ರಾಮನಗರದ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಹೋದ ತಿಂಗಳು ಚನ್ನಪಟ್ಟಣದ ಸಭೆ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ಹಿರಿಯ ಕೆಲಸಗಾರರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದರು. ಅವರ ಮಗಳು ಬೇರೆ ಮತದ ಹುಡುಗನನ್ನು ಮೆಚ್ಚಿದ್ದಾಳೆ. ಹುಡುಗನ ಕಡೆಯವರು, "ನಮ್ಮ ಮತಕ್ಕೆ ಬಂದರೆ ಮಾತ್ರ ಮದುವೆ" ಎನ್ನುತ್ತಾರೆ. ಹುಡುಗಿಯ ಕಡೆಯವರು, "ಹೋದರೆ ಸತ್ತಳೆಂದು ಎಳ್ಳುನೀರು ಬಿಡುತ್ತೇವೆ" ಎನ್ನುತ್ತಾರೆ. ಕಡೆಗೆ ಆ ತಂದೆ ನಮ್ಮನ್ನು ಕೇಳಿದ್ದು ಇಷ್ಟೆ: "ಮೇಷ್ಟ್ರೇ, ಮತ ಬದಲಾದರೆ ನನ್ನ ಮಗಳು ಬೇರೆಯವಳಾಗುತ್ತಾಳೆಯೇ? ನಾಳೆ ಅವಳ ಮಕ್ಕಳು ಯಾರ ಮಕ್ಕಳು?"

ಅಂದು ನಾವು ಸರಿಯಾದ ಉತ್ತರ ಕೊಡಲಿಲ್ಲ. ಇಂದು ಕೊಡಬೇಕೆಂದು ಬಂದಿದ್ದೇವೆ. ಆದರೆ ಹಿಂದೂಗಳ ಮಾತೆತ್ತಿದರೆ ಒಬ್ಬರಿಗೆ ಕೋಪ, ಮುಸಲ್ಮಾನರ ಮಾತೆತ್ತಿದರೆ ಇನ್ನೊಬ್ಬರಿಗೆ ಕೋಪ. ಆದುದರಿಂದ ನಮ್ಮ ಜಗಳದಲ್ಲಿ ಪಾಲಿಲ್ಲದ ಮೂರನೆಯವರ ಮನೆಯ ಲೆಕ್ಕಪುಸ್ತಕ ತೆಗೆದು ನೋಡೋಣ. ಆ ಮೂರನೆಯವರು ಯಹೂದಿಗಳು.

ಯಹೂದಿಗಳೆಂದರೆ ಎಲ್ಲೋ ದೂರದವರೆಂದು ತಿಳಿಯಬೇಡಿ. ಇಲ್ಲಿಂದ ಬೆಂಗಳೂರಿಗೆ ಹೋಗುವ ಮೈಸೂರು ರಸ್ತೆಯ ಬಳಿಯಲ್ಲೇ ಅವರ ರುದ್ರಭೂಮಿ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1904ರಲ್ಲಿ, ಮಹಾರಾಜರು ಕೊಟ್ಟ ಜಾಗ ಅದು. ಆದರೆ ನಾವು ಹೇಳಬೇಕಾದ ಕಥೆ ಅದಕ್ಕಿಂತ ಸುಮಾರು 770 ವರ್ಷ ಹಿಂದಿನದು, ನಮ್ಮ ಮಂಗಳೂರಿನದು.

ಆಗ ಮಂಗಳೂರು ಆಳುಪ ಅರಸರ ತುಳುನಾಡಿನ ಬಂದರು. ಉತ್ತರ ಆಫ್ರಿಕದ ಮಹ್ದಿಯಾ ಊರಿನ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಅಲ್ಲಿ ಬಂದು ನೆಲಸಿದ. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣಗಳನ್ನು ಏಡನ್ ಬಂದರಿಗೆ ಕಳಿಸುವುದು ಅವನ ವ್ಯಾಪಾರ. ಜೊತೆಗೆ ಒಂದು ಕಂಚಿನ ಕಾರ್ಖಾನೆಯನ್ನೂ ಇಟ್ಟಿದ್ದ. ಏಡನ್ನಿನಿಂದ ಹಳೆಯ ತಾಮ್ರ, ಒಡೆದ ಪಾತ್ರೆ ಬರುತ್ತಿದ್ದವು. ಇಲ್ಲಿಯ ಕೆಲಸಗಾರರು ಅವನ್ನು ಕರಗಿಸಿ ಹೊಸ ಪಾತ್ರೆ ಮಾಡಿ ಕೊಡುತ್ತಿದ್ದರು. ಅವನ ಬಳಿ ಬೊಮ್ಮ ಎಂಬ ಆಳಿದ್ದ. ಸರಕಿನೊಡನೆ ಏಡನ್ನಿಗೆ ಹೋದ ಬೊಮ್ಮ ಅಲ್ಲಿ ಕುಡಿದು, ಇನ್ನಷ್ಟು ಹಣಕ್ಕಾಗಿ ರಂಪ ಮಾಡಿದನೆಂಬ ದೂರೂ ಕಾಗದದಲ್ಲಿ ಉಳಿದಿದೆ. ನೀವು ನಗುತ್ತೀರಿ. ದೊರೆಗಳ ಹೆಸರು ಕಲ್ಲಿನಲ್ಲಿ ಉಳಿದರೆ ಆಳಿನ ಹೆಸರು ಉಳಿಯುವುದು ದೂರಿನಲ್ಲಿ!

ಈ ಕಾಗದಗಳು ಉಳಿದದ್ದು ಹೇಗೆ? ದೇವರ ಹೆಸರಿರುವ ಬರಹವನ್ನು ಯಹೂದಿಗಳು ಹರಿದೆಸೆಯುವುದಿಲ್ಲ. ಈಜಿಪ್ಟಿನ ಹಳೆಯ ಕೈರೋದಲ್ಲಿ ಅವರ ಪ್ರಾರ್ಥನಾಮಂದಿರದ ಒಂದು ಕೋಣೆಯಲ್ಲಿ ನೂರಾರು ವರ್ಷ ಕಾಗದಗಳನ್ನು ತುಂಬುತ್ತಾ ಹೋದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ವಿದ್ವಾಂಸರು ಅವನ್ನು ಹೊರತೆಗೆದರು. ಗೊಯಿಟೈನ್ ಎಂಬ ಪಂಡಿತರು ಭಾರತದ ವ್ಯಾಪಾರದ ಕಾಗದಗಳನ್ನು ಆರಿಸಿ ಓದಿದರು. 1992ರಲ್ಲಿ ಲೇಖಕ ಅಮಿತಾವ್ ಘೋಷ್ ಬೊಮ್ಮನ ಜಾಡು ಹಿಡಿದು ಪುಸ್ತಕವನ್ನೇ ಬರೆದರು.

ಆ ಕಾಗದಗಳಲ್ಲಿ ಒಂದು, 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬರೆದ ಬಿಡುಗಡೆ ಪತ್ರ. ಆಶು ಎಂಬ ಹೆಂಗಸನ್ನು ಬೆನ್ ಯಿಜು ಹಣಕೊಟ್ಟು ಕೊಂಡಿದ್ದ. ಈ ಪತ್ರದಿಂದ ಅವಳನ್ನು ದಾಸ್ಯದಿಂದ ಬಿಡಿಸಿದ. ಅದರಲ್ಲಿ ಅವಳಿಗೆ ಬೆರಾಖಾ ಎಂಬ ಹೊಸ ಹೆಸರಿದೆ. ಆಶೀರ್ವಾದ ಎಂದು ಅದರ ಅರ್ಥ. ಮುಂದೆ ಅವನಿಗೆ ಮಕ್ಕಳಾದರು. ಮದುವೆಯ ಪತ್ರ ಸಿಕ್ಕಿಲ್ಲವಾದರೂ ಆ ಮಕ್ಕಳ ತಾಯಿ ಈ ಆಶುವೇ ಎಂದು ವಿದ್ವಾಂಸರು ತೀರ್ಮಾನಿಸಿದ್ದಾರೆ.

ಮೊದಲು ಬಿಡುಗಡೆ, ಆಮೇಲೆ ಸಂಸಾರ. ಈ ಕ್ರಮ ಏಕೆ? ಇಲ್ಲಿ ಯಹೂದಿ ಧರ್ಮಶಾಸ್ತ್ರವನ್ನು ಸ್ವಲ್ಪ ತಿಳಿಯಬೇಕು. ಅವರಲ್ಲಿ ಮಗು ತಾಯಿಯ ಕುಲಕ್ಕೆ ಸೇರುತ್ತದೆ. ತಾಯಿ ದಾಸಿಯಾದರೆ ಮಗುವೂ ದಾಸ್ಯದಲ್ಲಿ ಹುಟ್ಟಿದಂತೆ. ತಾಯಿ ಯಹೂದಿಯಾದರೆ ಮಗು ಯಹೂದಿ. ಯಹೂದಿ ಮನೆಯ ದಾಸಿಯನ್ನು ನೀರಿನಲ್ಲಿ ಮುಳುಗಿಸಿ ಅರ್ಧಭಾಗ ಧರ್ಮದೊಳಕ್ಕೆ ತರುತ್ತಿದ್ದರು. ಬಿಡುಗಡೆ ಪತ್ರ ಕೊಟ್ಟು ಮತ್ತೊಮ್ಮೆ ಮುಳುಗಿಸಿದರೆ ಅವಳು ಪೂರ್ಣ ಯಹೂದಿ.

ಸ್ವತಂತ್ರರು ಮತಕ್ಕೆ ಬರಬೇಕಾದರೆ ದಾರಿ ಬೇರೆ. ಮೊದಲು ಬೇಡವೆಂದೇ ಹೇಳಬೇಕು. ಈ ಜನ ಪಟ್ಟ ಕಷ್ಟಗಳನ್ನು ತಿಳಿಸಬೇಕು. ಆದರೂ ಬರುತ್ತೇನೆಂದರೆ ಮೂವರು ನ್ಯಾಯಾಧೀಶರ ಮುಂದೆ ಕಟ್ಟಳೆಗಳನ್ನು ಒಪ್ಪಬೇಕು; ಗಂಡಸಾದರೆ ಸುನ್ನತಿ; ಬಳಿಕ ನೀರಿನಲ್ಲಿ ಮುಳುಗಬೇಕು. ಹೀಗೆ ಬಂದವರಿಗೆ ಅಬ್ರಹಾಮನೇ ತಂದೆ. ಅವರ ಹಳೆಯ ಹುಟ್ಟನ್ನು ಎತ್ತಿ ಆಡಿ ನೋಯಿಸುವುದು ಪಾಪ. ದಾವೀದ ದೊರೆಯ ಮುತ್ತಜ್ಜಿ ರೂತಳೇ ಹೀಗೆ ಹೊರಗಿನಿಂದ ಬಂದ ಸೊಸೆ.

ಮದುವೆಯ ಆಸೆಗಾಗಿಯೇ ಮತಕ್ಕೆ ಬರುವುದನ್ನು ಆ ಶಾಸ್ತ್ರ ಮೆಚ್ಚುವುದಿಲ್ಲ. ದಾಸಿಯೊಡನೆ ಸಂಬಂಧವಿತ್ತೆಂಬ ಗುಮಾನಿಯಿದ್ದವನು, ಅವಳು ಬಿಡುಗಡೆಯಾದ ಮೇಲೂ ಅವಳನ್ನು ಮದುವೆಯಾಗಬಾರದು ಎಂಬ ಕಟ್ಟಳೆಯುಂಟು. ಆದರೆ ಮದುವೆಯಾಗಿಬಿಟ್ಟರೆ? ಬೇರ್ಪಡಿಸಬಾರದು ಎಂದೂ ಅದೇ ಕಟ್ಟಳೆ ಹೇಳುತ್ತದೆ. ಕೈರೋದ ಮಹಾಪಂಡಿತ ಮೈಮೊನೈಡಿಸ್ (1138–1204) ಇಂಥದೇ ಮೊಕದ್ದಮೆ ಬಂದಾಗ, ಹುಡುಗ ಅವಳನ್ನು ಬಿಡುಗಡೆ ಮಾಡಿ ಮದುವೆಯಾಗಲಿ ಎಂದು ತೀರ್ಪು ಕೊಟ್ಟ. ಶಾಸ್ತ್ರದ ಅಕ್ಷರಕ್ಕಿಂತ ಸಂಸಾರ ನಿಲ್ಲುವುದು ಮುಖ್ಯವೆಂದು ಕಂಡುಕೊಂಡ.

ವ್ಯಾಪಾರಿ ಮಿತ್ರರು ಇನ್ನೊಂದು ಮಾತು ಕೇಳಬೇಕು. ಅವರ ಮದುವೆಯಲ್ಲಿ ಗಂಡು ಒಂದು ಪತ್ರ ಬರೆದುಕೊಡುತ್ತಾನೆ. ತಾನು ಬಿಟ್ಟರೆ ಅಥವಾ ಸತ್ತರೆ ಹೆಂಡತಿಗೆ ಇಷ್ಟು ಹಣ ಸಲ್ಲಬೇಕು ಎಂಬ ಕರಾರು ಅದರಲ್ಲಿದೆ. ಪ್ರಾಮಿಸರಿ ನೋಟು ಇದ್ದ ಹಾಗೆ. ಇದು ಒಳ್ಳೆಯದು. ಆದರೆ ವಿಚ್ಛೇದನದ ಪತ್ರ ಕೊಡುವ ಅಧಿಕಾರ ಗಂಡನದೇ. ಅವನು ಕೊಡದಿದ್ದರೆ ಹೆಂಡತಿ ಕಟ್ಟಿಹಾಕಿದ ಹಸುವಿನಂತೆ ಉಳಿಯಬೇಕು. ಇದು ಕೆಟ್ಟದ್ದು. ಎಲ್ಲರ ಮನೆಯ ದೋಸೆಯೂ ತೂತೇ.

ಆಶುವಿನ ಮಕ್ಕಳ ಗತಿಯೇನಾಯಿತು? ಇಂಥ ಮಕ್ಕಳ ಹಕ್ಕಿನ ಬಗ್ಗೆ ಧರ್ಮಪಂಡಿತರಿಗೆ ಕೇಳುವ ಪ್ರಶ್ನೆಗಳು ಬೆನ್ ಯಿಜುವಿನ ಕಾಗದಗಳ ನಡುವೆ ಸಿಕ್ಕಿವೆ. ಅಂದರೆ ಆಡಿಕೊಳ್ಳುವ ಬಾಯಿಗಳು ಅಂದೂ ಇದ್ದವು. 1149ರಲ್ಲಿ ಅವನು ಮಕ್ಕಳೊಡನೆ ಏಡನ್ನಿಗೆ ಹಿಂತಿರುಗಿದ. 1156ರಲ್ಲಿ ಅವನ ಮಗಳಿಗೆ ಹಳೆಯ ಕೈರೋದಲ್ಲಿ ಮದುವೆಯಾಯಿತು. ವರ ಯಾರು? ಅವನ ಸ್ವಂತ ಸಹೋದರನ ಮಗ! ತುಳುನಾಡಿನ ದಾಸಿಯ ಮಗಳನ್ನು ಆ ಕುಲವೇ ಸೊಸೆಯಾಗಿ ತುಂಬಿಸಿಕೊಂಡಿತು.

ಅದೇ ಕಾಲಕ್ಕೆ ನಮ್ಮ ನಾಡಿನಲ್ಲಿ ಏನಾಯಿತು? ಬಿಜ್ಜಳನ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ನಡೆಯಿತೆಂದು ಶರಣ ಪರಂಪರೆ ಹೇಳುತ್ತದೆ. ಇಬ್ಬರೂ ಶರಣರೇ, ಲಿಂಗ ಕಟ್ಟಿದ ಮೇಲೆ ಹಳೆಯ ಕುಲವಿಲ್ಲವೆಂದು ನಂಬಿದವರು. ಆದರೆ ಮೋಚಿಯ ಮಗನಿಗೆ ಬ್ರಾಹ್ಮಣನ ಮಗಳೇ ಎಂದು ಊರು ಕೆರಳಿತು. ಇಬ್ಬರು ತಂದೆಯರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರು. ಇದನ್ನು ಹೇಳಿ ಯಹೂದಿಗಳು ಮೇಲು, ನಾವು ಕೀಳು ಎಂದು ತೀರ್ಪು ಕೊಡಲು ಹೊರಟಿಲ್ಲ. ಮುಂದಿನದನ್ನು ಕೇಳಿ.

ನೆರೆಯ ಕೊಚ್ಚಿಯಲ್ಲಿ ಹೀಗೆಯೇ ಬಿಡುಗಡೆಯಾದ ದಾಸರ ವಂಶದವರು ಯಹೂದಿಗಳಾಗಿ ಬಾಳಿದರು. ಹದಿನಾರನೆಯ ಶತಮಾನದಲ್ಲೇ ಕೈರೋದ ಪಂಡಿತರು, ಕಟ್ಟಳೆಯಂತೆ ಮುಳುಗಿಸಿದ ಮೇಲೆ ಇವರೊಡನೆ ಮದುವೆ ಸಂಬಂಧ ಸಲ್ಲುತ್ತದೆ ಎಂದು ಬರೆದು ಕಳಿಸಿದ್ದರು. ಬಿಳಿಯ ಯಹೂದಿಗಳು ಕಿವಿಗೆ ಹಾಕಿಕೊಳ್ಳಲಿಲ್ಲ. 1568ರಲ್ಲಿ ಕಟ್ಟಿದ ಪರದೇಸಿ ಮಂದಿರದಲ್ಲಿ ಆ ಬಡವರಿಗೆ ಪೀಠದ ಮೇಲೆ ಜಾಗವಿರಲಿಲ್ಲ. ಶಾಸ್ತ್ರ ಮೋಶೆಯದಾದರೂ ಜಾತಿ ನಮ್ಮ ದೇಶದ್ದು! ಅದೇ ವಂಶದ ವಕೀಲ ಎ. ಬಿ. ಸೇಲಂ ಗಾಂಧೀಜಿಯ ದಾರಿ ಹಿಡಿದು ಮಂದಿರದೊಳಗೇ ಸತ್ಯಾಗ್ರಹ ಹೂಡಿದರು. 1950ರಲ್ಲಿ ಅವರ ಮಗ ಬಿಳಿಯ ಯಹೂದಿಗಳ ಹುಡುಗಿಯನ್ನು ಮದುವೆಯಾಗಲು ಬೊಂಬಾಯಿಗೆ ಹೋಗಬೇಕಾಯಿತು.

ಇನ್ನು ಕೊಂಕಣದ ಬೆನೆ ಇಸ್ರೇಲರು. ಶನಿವಾರ ಗಾಣ ನಿಲ್ಲಿಸುತ್ತಿದ್ದ ಎಣ್ಣೆಗಾಣದವರು. ಶನಿವಾರದ ತೇಲಿಗಳೆಂದು ಹೆಸರಾದವರು. ನೂರಾರು ವರ್ಷ ನೇಮ ಕಾಪಾಡಿಕೊಂಡು ಇಸ್ರೇಲಿಗೆ ಹೋದರೆ, 1962ರಲ್ಲಿ ಅಲ್ಲಿಯ ಧರ್ಮಾಧಿಕಾರಿಗಳು, ಇವರು ಇತರರನ್ನು ಮದುವೆಯಾಗುವ ಮೊದಲು ತಾಯಿ, ಅಜ್ಜಿಯರ ಕುಲ ವಿಚಾರಿಸಬೇಕೆಂದು ಅಪ್ಪಣೆ ಹೊರಡಿಸಿದರು. ಅವರು ಸುಮ್ಮನಿರಲಿಲ್ಲ. 1964ರಲ್ಲಿ ಜೆರುಸಲೇಮಿನಲ್ಲಿ ಧರಣಿ ಕುಳಿತರು. ಆಗಸ್ಟ್ ತಿಂಗಳಲ್ಲಿ ಅಲ್ಲಿಯ ಪಾರ್ಲಿಮೆಂಟು ಸೇರಿ, ಇವರು ಎಲ್ಲ ರೀತಿಯಲ್ಲೂ ಯಹೂದಿಗಳೇ ಎಂದಿತು. ಅಪ್ಪಣೆಯಿಂದ ಅವರ ಹೆಸರನ್ನು ತೆಗೆಯಬೇಕಾಯಿತು. ಸಂಘಟನೆಯ ಬಲ ಯಾವುದೆಂದು ಮಿಲ್ ಕೆಲಸಗಾರರಿಗೆ ನಾವು ಹೇಳಿಕೊಡಬೇಕೆ?

ಇಷ್ಟರಿಂದ ತಿಳಿಯುವುದೇನು? ಶಾಸ್ತ್ರ ಬಾಗಿಲು ತೆರೆದರೂ ಜನ ಮುಚ್ಚುತ್ತಾರೆ. ಅಧಿಕಾರಿಗಳು ಮುಚ್ಚಿದರೂ ಜನ ಕೂಡಿ ತೆರೆಸುತ್ತಾರೆ. ಎಲ್ಲ ಕಾಗದಗಳಲ್ಲಿಯೂ ಒಂದು ಕೊರತೆ ಎದ್ದು ಕಾಣುತ್ತದೆ. ಆಶುವಿನ ಪತ್ರದಲ್ಲಿ ಕೊಂಡವನ ಮಾತಿದೆ, ಆಶುವಿನ ಮಾತಿಲ್ಲ. ಹೆಸರು ಬದಲಾಯಿತು, ದೇವರು ಬದಲಾದ, ಅವಳಿಗೆ ಅದು ಬೇಕಿತ್ತೇ ಎಂದು ಯಾರೂ ಬರೆದಿಡಲಿಲ್ಲ.

ಇಂದು ನಮ್ಮಲ್ಲಿ ಬೇರೆ ದಾರಿಯುಂಟು. 1954ರ ವಿಶೇಷ ವಿವಾಹ ಕಾಯಿದೆಯಂತೆ ಯಾರೂ ಮತ ಬಿಡಬೇಕಾಗಿಲ್ಲ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ವಿವಾಹಾಧಿಕಾರಿಗೆ ನೋಟೀಸು ಕೊಟ್ಟು 30 ದಿನ ಕಾಯಬೇಕು. ನೋಟೀಸನ್ನು ಕಚೇರಿಯ ಗೋಡೆಗೆ ಅಂಟಿಸುತ್ತಾರೆ. ಕಷ್ಟವಿರುವುದೇ ಇಲ್ಲಿ. ಆ 30 ದಿನಗಳಲ್ಲಿ ನೆಂಟರು, ಮುಖಂಡರು, ಬೆದರಿಸುವವರು ಮೂರೂ ದಿಕ್ಕಿನಿಂದ ಬರುತ್ತಾರೆ. ಎರಡು ಮತದವರು ಹೀಗೆ ಮದುವೆಯಾದರೆ ಆಸ್ತಿಯ ಹಕ್ಕು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಗೆ ಬರುತ್ತದೆ. ಅಂಗಡಿ, ಮನೆ ಇರುವವರು ಇದನ್ನು ಮೊದಲೇ ತಿಳಿದಿರಲಿ. ಇನ್ನು ಮತಾಂತರದ ಮಾತು. 2022ರ ಕರ್ನಾಟಕ ಕಾಯಿದೆ, ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ವಿಧಿಸಿತು. ಅದನ್ನು ರದ್ದು ಮಾಡುವುದಾಗಿ ಸಚಿವ ಸಂಪುಟ 2023ರ ಜೂನ್‌ನಲ್ಲಿ ನಿರ್ಧರಿಸಿತು. ಮನಸ್ಸು ಬದಲಾದುದಕ್ಕೆ ಕಚೇರಿಯ ಮೊಹರು ಬೇಕೇ ಎಂಬುದು ನಮ್ಮ ಪ್ರಶ್ನೆ.

ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಗೂಡು ತಂದ ರೈತನ ಮತವನ್ನು ಯಾರೂ ಕೇಳುವುದಿಲ್ಲ. ಚನ್ನಪಟ್ಟಣದ ಬೊಂಬೆಗೆ ಅರಗು ಹಚ್ಚಿದ ಕೈ ಯಾವುದೆಂದು ಮಾಗಡಿಯ ಮಗು ಕೇಳುವುದಿಲ್ಲ. ಕನಕಪುರದ ನೂಲು ಬಿಚ್ಚುವವಳ ಬೆರಳು ಬಿಸಿನೀರಿನಲ್ಲಿ ಬೆಂದರೆ ನೋವಿಗೆ ಜಾತಿಯಿಲ್ಲ. ದುಡಿಮೆಯಲ್ಲಿ ಒಂದಾದವರು ಮದುವೆ ಎಂದೊಡನೆ ಬೇರೆಯಾಗುವುದೇಕೆ?

ಆ ತಂದೆ ಈ ಸಭೆಯಲ್ಲಿದ್ದಾರೆ, ಹೆಸರು ಹೇಳುವುದಿಲ್ಲ. ಅಣ್ಣ, ನಿಮ್ಮ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು. ಮತ ಬದಲಾದರೂ, ಬದಲಾಗದಿದ್ದರೂ ಅವಳು ನಿಮ್ಮ ಮಗಳೇ. ಅವಳ ಮಕ್ಕಳು ನಿಮ್ಮ ಮೊಮ್ಮಕ್ಕಳೇ. ಊರನ್ನು ಕೇಳುವ ಮೊದಲು ಅವಳನ್ನು ಕೇಳಿ. ಮತ ಬದಲಿಸಲು ಅವಳಿಗೆ ಮನಸ್ಸಿದ್ದರೆ ಅದು ಅವಳ ಹಕ್ಕು. ಇಲ್ಲದಿದ್ದರೆ ಬಲವಂತ ಮಾಡಲು ಯಾರಿಗೂ ಹಕ್ಕಿಲ್ಲ. ಕಾಯಿದೆಯ ಮದುವೆಯೇ ಬೇಕೆಂದರೆ ಮೂವರು ಸಾಕ್ಷಿಗಳು ಬೇಕು. ಒಂದು ರುಜು ನಮ್ಮದು. ಇನ್ನಿಬ್ಬರು ಈ ಸಭೆಯಿಂದಲೇ ಏಳಬೇಕು. ಆ 30 ದಿನ ಅವರ ಮನೆಯ ಮುಂದೆ ಕಾವಲು ಕೂರಲು ಎಷ್ಟು ಮಂದಿ ಬರುತ್ತೀರಿ? ಚಪ್ಪಾಳೆ ಬೇಡ, ಕೈಯೆತ್ತಿ.