ಮಸೀದಿಯ ಗೇಟಿನ ಮುಂದಿನ ಸೊಪ್ಪಿನ ಬುಟ್ಟಿ

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ ಸಲಾತ್ ಮತ್ತು ಸಲಾಮ್.

ಸಹೋದರರೇ, ಪವಿತ್ರ ಕುರ್‌ಆನ್ (2:168) ಸಮಸ್ತ ಮಾನವರನ್ನು ಕರೆದು, ಹಲಾಲ್ ಮತ್ತು ತಯ್ಯಿಬ್ ಆದುದನ್ನು ತಿನ್ನಲು ಆದೇಶಿಸುತ್ತದೆ. ಹಲಾಲ್ ವಿಷಯದಲ್ಲಿ ನಾವು ಬಹಳ ಎಚ್ಚರಿಕೆಯಿಂದ ಇರುತ್ತೇವೆ. ತಯ್ಯಿಬ್ ಎಂದರೆ ಶುದ್ಧವಾದುದು, ಒಳ್ಳೆಯದು. ಅದರ ಬಗ್ಗೆ ಎಷ್ಟು ಯೋಚಿಸಿದ್ದೇವೆ? ಈ ಕರೆ ಹಣವಿದ್ದವರಿಗೆ ಮಾತ್ರವಲ್ಲ.

ನಮ್ಮ ಬೆಂಗಳೂರನ್ನೇ ನೋಡಿ. 2013ರ ಆಹಾರ ಭದ್ರತಾ ಕಾಯ್ದೆಯಂತೆ ಬಿಪಿಎಲ್ ಕಾರ್ಡಿನ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೋ ಧಾನ್ಯದ ಹಕ್ಕಿದೆ. ಹಸಿವು ತಣಿಯುತ್ತದೆ. ಆದರೆ ರೇಷನ್ ಅಂಗಡಿಯಲ್ಲಿ ಸೊಪ್ಪು, ಹಣ್ಣು ಸಿಗುವುದಿಲ್ಲ. ಹಾಪ್‌ಕಾಮ್ಸ್ ಮಳಿಗೆ ಎಲ್ಲ ಗಲ್ಲಿಗಳಲ್ಲೂ ಇಲ್ಲ. ಕೂಲಿ ಬಿಟ್ಟು ಕೆ.ಆರ್. ಮಾರ್ಕೆಟ್‌ಗೆ ಹೋಗಿಬರಲು ಬಡವರಿಗೆ ಆಗುವುದಿಲ್ಲ. ಪಕ್ಕದ ಅಂಗಡಿಯಲ್ಲಿ ಐದು ರೂಪಾಯಿಯ ಚಿಪ್ಸ್ ಇದೆ. ಮಗುವಿನ ಕೈಗೆ ಅದೇ ಬರುತ್ತದೆ. ನಸುಕಿನಲ್ಲಿ ಎದ್ದು ಮೆಂತ್ಯ, ದಂಟು, ಟೊಮೆಟೊ ತಂದು ಆ ಗಲ್ಲಿಗಳಿಗೆ ತಲುಪಿಸುವವರು ಬುಟ್ಟಿ ಹೊತ್ತವರು, ತಳ್ಳುಗಾಡಿಯವರು.

ಕಳೆದ ತಿಂಗಳು ನಮ್ಮ ಮಸೀದಿಯ ಗೇಟಿನ ಮುಂದೆ ಸೊಪ್ಪು ಮಾರುತ್ತಿದ್ದ ಅಜ್ಜಿಯನ್ನು ಎಬ್ಬಿಸಲಾಯಿತು. ಬೈಕ್ ನಿಲ್ಲಿಸಲು ಜಾಗ ಬೇಕಿತ್ತು. ನಾನು ನೋಡಿಯೂ ಸುಮ್ಮನಿದ್ದೆ. ಮರುವಾರ ಹಿಂದಿನ ಗಲ್ಲಿಯ ತಾಯಿಯೊಬ್ಬರು ಕೇಳಿದರು: "ಹಝ್ರತ್, ಸೊಪ್ಪಿನಜ್ಜಿ ಯಾಕೆ ಬರ್ತಿಲ್ಲ? ದುಡ್ಡಿಲ್ಲದ ದಿನ ಸಾಲ ಕೊಡ್ತಿದ್ರು." ನನ್ನಲ್ಲಿ ಉತ್ತರವಿರಲಿಲ್ಲ. ತಪ್ಪು ನನ್ನದೂ ಹೌದು.

ದಾರಿಗೆ ಹಕ್ಕಿದೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ದಾರಿಗೆ ಅಡ್ಡವಾಗಬಾರದು ನಿಜ. ಅದು ನಮ್ಮ ಬೈಕ್‌ಗಳಿಗೂ ಅನ್ವಯಿಸುತ್ತದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಬೀದಿ ವ್ಯಾಪಾರಿಗಳನ್ನು ಎಬ್ಬಿಸಬಾರದೆಂದು 2014ರ ಕಾಯ್ದೆಯೂ ಹೇಳುತ್ತದೆ.

ವ್ಯಾಪಾರಿಗಳಿಗೂ ಹೊಣೆಯಿದೆ. ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆ ಒದ್ದೆಯಿತ್ತು. ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲ ಎಂದು ಅವರು ಪ್ರಶ್ನಿಸಿದರು. ಕೊಳೆತದ್ದನ್ನು ಕೆಳಗೆ ಅಡಗಿಸುವುದು ವಂಚನೆ.

ಸಾರು ಮಾಡುವಾಗ ನೀರು ಹೆಚ್ಚಿಸಿ ನೆರೆಯವರಿಗೂ ಕೊಡಲು ಕಲಿಸಿದ ಧರ್ಮ ನಮ್ಮದು. ಹಾಗಾದರೆ ನಾವೇನು ಮಾಡಬಹುದು? ಕಮಿಟಿಯವರು ಒಪ್ಪಿದ್ದಾರೆ: ಗೇಟಿನ ಎಡಬದಿ ಇನ್ನು ಬೈಕ್‌ಗಳಿಗಲ್ಲ, ಅಜ್ಜಿಯ ಬುಟ್ಟಿಗೆ. ಅವರನ್ನು ಕರೆಯಲು ನಾನೇ ಹೋಗುತ್ತೇನೆ. ಮಾಲ್‌ನಲ್ಲಿ ಕೇಳಿದಷ್ಟು ಕೊಡುವ ನಾವು ಅವರ ಬಳಿ ಎರಡು ರೂಪಾಯಿಗೆ ಚೌಕಾಸಿ ಮಾಡದಿರೋಣ. ಬಡವರಿಗೆ ಕೊಡುವ ಕಿಟ್‌ನಲ್ಲಿ ಅಕ್ಕಿ, ಎಣ್ಣೆ, ಸಕ್ಕರೆಯ ಜೊತೆ ಮೊಟ್ಟೆ, ತರಕಾರಿಯೂ ಇರಲಿ.

ನಮ್ಮ ಮನೆಗೂ ನೆರೆಮನೆಗೂ ಅಲ್ಲಾಹನು ತಯ್ಯಿಬ್ ಆಹಾರವನ್ನು ಕರುಣಿಸಲಿ. ಆಮೀನ್.